ಬದಿಯಡ್ಕದಾಚೆಯ ಹಣ್ಣಿನ ತೋಟ: ನಾವೇ ಕೊಯ್ದು ತಿಂದ ರಂಬುಟಾನ್, ಮ್ಯಾಂಗೋಸ್ಟೀನ್

ಆಟಿ ತಿಂಗಳು ಮುಗಿಯಲು ಒಂದು ವಾರವಿರುವಾಗ, ಮಳೆ ಸ್ವಲ್ಪ ಹೊಳವು ಕೊಟ್ಟ ಒಂದು ಭಾನುವಾರ, ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಹಣ್ಣಿನ ತೋಟಕ್ಕೆ ನಾವು ಮನೆಮಂದಿಯೆಲ್ಲ ಹೋಗಿ ಬಂದೆವು. ನಾನು, ನನ್ನ ಯಜಮಾನರು, ಎಪ್ಪತ್ತನಾಲ್ಕು ವರ್ಷದ ಅತ್ತೆ, ನನ್ನ ತಮ್ಮ, ಆರನೆಯ ತರಗತಿಯಲ್ಲಿರುವ ಮಗಳು, ಒಂದನೆಯ ತರಗತಿಯ ಮಗ, ಹೀಗೆ ಒಟ್ಟು ಆರು ಮಂದಿ. ಬೆಳಿಗ್ಗೆ ಒಂಬತ್ತೂವರೆಗೆ ತೋಟ ಸೇರಿದವರು ಮಧ್ಯಾಹ್ನ ಮೂರೂವರೆಯವರೆಗೂ ಅಲ್ಲಿದ್ದೆವು. ತೋಟದವರು ಜನಜಂಗುಳಿಯನ್ನು ಬಯಸುವವರಲ್ಲ. ಬಂದುಹೋದವರ ಬಾಯಿಮಾತಿನಿಂದ ತಿಳಿದು ಬರುವಷ್ಟು ಜನರೇ ತಮಗೆ ಸಾಕು ಎಂದು ಹೇಳಿದ್ದರಿಂದ ಹೆಸರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆಯುತ್ತಿದ್ದೇನೆ. ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಇಂಥ ತೋಟಗಳಿಗೆ ಹೋಗಬೇಕೆಂದಿರುವ ನಮ್ಮ ಕಡೆಯವರಿಗೆ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ಇದರಿಂದ ತಿಳಿದೀತು.

ಕಳೆದ ವರ್ಷ ಇಂಥದೇ ಆಸೆಯಿಂದ ಬೇರೊಂದು ತೋಟಕ್ಕೆ ಹೋಗಿ ಬೇಸರದಿಂದ ಮರಳಿದ್ದೆವು. ಅಲ್ಲಿ ಬಾಗಿಲಲ್ಲೇ ತಲೆಗಿಷ್ಟು ಎಂದು ಹಣ ಪಡೆದರು. ಒಳಗೆ ಹೋದರೆ ಕೈಗೆಟುಕುವ ಗೆಲ್ಲುಗಳೆಲ್ಲ ಆಗಲೇ ಬರಿದಾಗಿದ್ದವು. ಹಣ್ಣು ಬೇಕಾದರೆ ಶೆಡ್ಡಿನಲ್ಲಿ ಬುಟ್ಟಿ ತುಂಬ ಇದೆ ಎಂದರು. ಆ ಬುಟ್ಟಿಯ ರಂಬುಟಾನಿನ ಸಿಪ್ಪೆಯ ಮೇಲಿನ ಕೂದಲು ಕಂದಿ ಕಪ್ಪಾಗಿತ್ತು, ತೊಟ್ಟು ಒಣಗಿತ್ತು. ಅದು ಆ ದಿನ ಕೊಯ್ದದ್ದಲ್ಲ, ಆ ತೋಟದ್ದೇ ಎಂದೂ ಹೇಳುವಂತಿರಲಿಲ್ಲ. ಮಗ ಇಡೀ ದಾರಿ ಅತ್ತಿದ್ದ. ಆದುದರಿಂದ ಈ ಬಾರಿ ಹೊರಡುವ ಮೊದಲೇ ದೂರವಾಣಿಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿದೆ: ಮರದಲ್ಲಿ ಈಗ ಎಷ್ಟು ಹಣ್ಣಿದೆ, ನಾವೇ ಕೊಯ್ಯಬಹುದೇ, ಒಂದು ದಿನಕ್ಕೆ ಎಷ್ಟು ಕುಟುಂಬಗಳನ್ನು ಬರಲು ಹೇಳುತ್ತೀರಿ. "ನಾಲ್ಕು ಮನೆಯವರಿಗಿಂತ ಹೆಚ್ಚು ಬೇಡ ಅಕ್ಕಾ, ಮರಕ್ಕೂ ಕಷ್ಟ, ನಮಗೂ ಕಷ್ಟ" ಎಂಬ ಉತ್ತರ ಬಂದಾಗಲೇ ನನಗೆ ಅರ್ಧ ನೆಮ್ಮದಿಯಾಯಿತು.

ದಾರಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕುಂಬಳೆಯ ಕಡೆಯಿಂದ ಬರುವವರಿಗೆ ಸೀತಾಂಗೋಳಿಯ ಮೂಲಕ, ಕಾಸರಗೋಡಿನಿಂದ ಬರುವವರಿಗೆ ಚೆರ್ಕಳ, ಎಡನೀರಿನ ಮೂಲಕ ಬದಿಯಡ್ಕದವರೆಗೆ ಒಳ್ಳೆಯ ರಸ್ತೆಯಿದೆ. ಕೊನೆಯ ಭಾಗ ಮಾತ್ರ ಇಳಿಜಾರಿನ ಮಣ್ಣುದಾರಿ. ಮಳೆಗಾಲದಲ್ಲಿ ಸಣ್ಣ ಕಾರನ್ನು ಮೇಲೆಯೇ ನಿಲ್ಲಿಸಿ ನಡೆಯುವುದು ಒಳ್ಳೆಯದು. ಬಸ್ಸಿನಲ್ಲಿ ಬರುವವರು ಭಾನುವಾರ ಬಸ್ಸುಗಳು ಕಡಿಮೆ ಎಂಬುದನ್ನು ನೆನಪಿಡಬೇಕು.

ಹೋದೊಡನೆ ಎಲ್ಲರಿಗೂ ಒಂದೊಂದು ಗೆಂದಾಳಿ ಬೊಂಡ ಕೆತ್ತಿಕೊಟ್ಟರು. ಅದು ಪ್ರವೇಶದ ಹಣದಲ್ಲೇ ಸೇರಿದೆ. ಬೊಂಡ ಕುಡಿಯುತ್ತಿರುವಾಗ ತೋಟದ ಯಜಮಾನರು ಒಂದು ಗೊಂಚಲು ರಂಬುಟಾನನ್ನು ಜಗಲಿಯ ಮೇಲಿಟ್ಟು ಮಕ್ಕಳನ್ನು ಹತ್ತಿರ ಕೂರಿಸಿಕೊಂಡರು. ಹಸಿರು, ಹಳದಿ, ಕೆಂಪು, ಕಡುಕೆಂಪು, ಹೀಗೆ ನಾಲ್ಕು ಬಗೆಯ ಕಾಯಿಹಣ್ಣುಗಳು ಅದರಲ್ಲಿದ್ದವು. ಅವುಗಳಲ್ಲಿ ಯಾವುದನ್ನು ಕೊಯ್ಯಬಹುದು ಎಂದು ಮಗಳನ್ನು ಕೇಳಿದರು. ಅವಳು ಹಳದಿಯಿಂದ ಕೆಂಪಿಗೆ ತಿರುಗುತ್ತಿದ್ದುದನ್ನು ತೋರಿಸಿ, ಮನೆಯಲ್ಲಿಟ್ಟರೆ ಹಣ್ಣಾಗುತ್ತದಲ್ಲ ಎಂದಳು. ಮಾವಿನ ಹಣ್ಣನ್ನೂ ಬಾಳೆಹಣ್ಣನ್ನೂ ಕಂಡು ಬೆಳೆದ ನಮಗೆಲ್ಲರಿಗೂ ಇರುವ ಎಣಿಕೆಯೇ ಅದು. ಆದರೆ ರಂಬುಟಾನ್ ಹಾಗಲ್ಲ. ಮರದಿಂದ ಬೇರೆಯಾದ ಮೇಲೆ ಅದು ಒಂದಿಷ್ಟೂ ಹಣ್ಣಾಗುವುದಿಲ್ಲ, ಸಿಹಿಯೂ ಏರುವುದಿಲ್ಲ. ಕೊಯ್ದ ಗಳಿಗೆಯಲ್ಲಿ ಎಷ್ಟು ಸಿಹಿಯೋ ಅಷ್ಟೇ. ಪೇಟೆಯಲ್ಲಿ ನಾವು ಕೊಳ್ಳುವ ಹಣ್ಣು ಹಲವು ಸಲ ಹುಳಿಯಾಗಿರುವುದು ಇದಕ್ಕೇ: ದೂರದ ಸಾಗಾಟಕ್ಕೆಂದು ಬಲಿಯುವ ಮೊದಲೇ ಇಳಿಸಿದ ಹಣ್ಣು ಅಂಗಡಿಯಲ್ಲಿ ಕೆಂಪಾಗಿ ಕಂಡರೂ ಒಳಗೆ ಅರೆಬಲಿತದ್ದೇ ಆಗಿ ಉಳಿಯುತ್ತದೆ. ಈ ಒಂದು ವಿಷಯವನ್ನು ತಿಳಿದ ಮೇಲೆ, ತೋಟಕ್ಕೇ ಹೋಗಿ ಕೊಯ್ಯುವುದು ಬರಿಯ ಮೋಜಲ್ಲ, ಈ ಹಣ್ಣಿನ ನಿಜವಾದ ರುಚಿಯನ್ನು ಕಾಣಲು ಇರುವ ನೇರವಾದ ದಾರಿ ಎಂಬುದು ನನಗೆ ಮನವರಿಕೆಯಾಯಿತು.

ಆಮೇಲೆ ಮಕ್ಕಳ ಕೈಗೆ ಮೊಂಡು ತುದಿಯ ಸಣ್ಣ ಕತ್ತರಿಗಳನ್ನು ಕೊಟ್ಟರು. ಮರಗಳು ಹೆಚ್ಚು ಎತ್ತರವಿಲ್ಲ. ಪ್ರತಿ ವರ್ಷ ಕೊಯ್ಲಾದ ಮೇಲೆ ಗೆಲ್ಲು ಸವರಿ ತಗ್ಗಾಗಿಯೇ ಇಟ್ಟಿದ್ದಾರೆ. ಆರು ವರ್ಷದ ನನ್ನ ಮಗ ಕೆಳಗಿನ ಗೆಲ್ಲಿನ ಗೊಂಚಲನ್ನು ನೆಲದಲ್ಲಿ ನಿಂತೇ ಮುಟ್ಟುತ್ತಿದ್ದ. ಮೊದಲ ಹಣ್ಣನ್ನು ಅವನು ಹಿಡಿದು ಎಳೆದ. ತೊಟ್ಟಿನ ಬುಡದಲ್ಲಿ ಸಿಪ್ಪೆ ಹರಿದು ಬಿಳಿಯ ತಿರುಳು ಹೊರಗೆ ಕಂಡಿತು. "ಎಳೆಯಬೇಡ ಮಗಾ, ಕತ್ತರಿ ಹಾಕು. ಎಳೆದರೆ ಹಣ್ಣೂ ಹಾಳು, ಗೆಲ್ಲೂ ಹಾಳು" ಎಂದು ಯಜಮಾನರು ಅವನ ಕೈಯ ಮೇಲೆ ತಮ್ಮ ಕೈಯಿಟ್ಟು, ಗೊಂಚಲಿನ ದಂಟನ್ನು ಎಲೆಯ ಪಕ್ಕದಲ್ಲಿ ಹೇಗೆ ಕತ್ತರಿಸಬೇಕು ಎಂದು ತೋರಿಸಿದರು. ಸಿಪ್ಪೆ ಹರಿದ ಹಣ್ಣನ್ನು ಅವನಿಂದಲೇ ತಿನ್ನಿಸಿದರು, ಲೆಕ್ಕಕ್ಕೆ ಹಿಡಿಯಲಿಲ್ಲ. ಆಮೇಲೆ ಮಧ್ಯಾಹ್ನದವರೆಗೆ ಅವನು ಒಂದು ಹಣ್ಣನ್ನೂ ಎಳೆಯಲಿಲ್ಲ. ಗೊಂಚಲಿನೊಳಗೆ ಚಗಳಿ ಇರುವೆಗಳಿದ್ದವು, ಒಂದೆರಡು ಸಲ ಕಚ್ಚಿಸಿಕೊಂಡು ಕೈ ಕೊಡವಿದ; ಆದರೂ ಕತ್ತರಿಯನ್ನು ಕೆಳಗಿಡಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಪೂರ್ಣ ತೋಳಿನ ಅಂಗಿ ಹಾಕಿಸಬೇಕು ಎಂಬುದನ್ನು ನಾವು ಅಲ್ಲಿಯೇ ಕಲಿತೆವು.

ಈ ಹಣ್ಣಿನ ಹೆಸರು ಮಲಯ ಭಾಷೆಯದು, ರಂಬುಟ್ ಎಂದರೆ ಅಲ್ಲಿ ಕೂದಲು. ನಮ್ಮ ಅಂಟುವಾಳ ಕಾಯಿಯ ಕುಟುಂಬಕ್ಕೇ ಸೇರಿದ ಮರವಿದು ಎಂದು ಅವರು ಹೇಳಿದಾಗ, ಬೆಳ್ಳಿಯ ಪಾತ್ರೆಗಳನ್ನೂ ರೇಷ್ಮೆ ಸೀರೆಯನ್ನೂ ಅಂಟುವಾಳದ ನೊರೆಯಲ್ಲಿ ತೊಳೆದ ನನ್ನ ಅತ್ತೆಗೆ ಆದ ಅಚ್ಚರಿ ಅಷ್ಟಿಷ್ಟಲ್ಲ. ಅವರ ತೋಟದಲ್ಲಿ ಹೆಚ್ಚಾಗಿ ಇರುವುದು ಎನ್-18 ಎಂದು ಕರೆಯುವ ಕೆಂಪು ತಳಿ. ತಿರುಳು ದಪ್ಪ, ಬೀಜದಿಂದ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಹಳದಿ ತಳಿಯ ಎರಡು ಮರಗಳೂ ಇವೆ, ಅವು ತಡವಾಗಿ ಹಣ್ಣಾಗುತ್ತವೆ. ಮಕ್ಕಳು ಬೀಜಗಳನ್ನು ಜೇಬಿಗೆ ಹಾಕಿಕೊಳ್ಳುತ್ತಿರುವುದನ್ನು ನೋಡಿ, ಬೀಜದಿಂದ ಬಂದ ಗಿಡ ಗಂಡಾದರೆ ಎಷ್ಟು ವರ್ಷ ಸಾಕಿದರೂ ಹಣ್ಣು ಬಿಡುವುದಿಲ್ಲ, ಹಾಗಾಗಿ ನೆಡುವವರು ಕಸಿ ಗಿಡವನ್ನೇ ನೆಡುತ್ತಾರೆ ಎಂದು ಅವರು ಮೊದಲೇ ತಿಳಿಸಿದರು. ಗಿಡಗಳನ್ನು ಮಾರುವ ಅವಕಾಶವಿದ್ದರೂ ಕೊಳ್ಳಿರಿ ಎಂದು ಒಮ್ಮೆಯೂ ಒತ್ತಾಯಿಸಲಿಲ್ಲ.

ಎಲ್ಲ ಮರಗಳಿಗೂ ಮೇಲಿನಿಂದ ಬಲೆ ಹೊದೆಸಿದ್ದಾರೆ. ನಾವು ಕೇರಳದಲ್ಲಿರುವವರು ಈ ಬಲೆಯನ್ನು ಹಗುರವಾಗಿ ನೋಡುವಂತಿಲ್ಲ. 2018ರಲ್ಲಿ ಕೋಯಿಕ್ಕೋಡು ಜಿಲ್ಲೆಯಲ್ಲಿ ನಿಪಾ ಕಾಣಿಸಿಕೊಂಡಾಗ ಇಡೀ ರಾಜ್ಯ ಹಣ್ಣು ಮುಟ್ಟಲು ಹೆದರಿತ್ತು. 2021ರಲ್ಲಿ ಅದೇ ಜಿಲ್ಲೆಯ 12 ವರ್ಷದ ಬಾಲಕನೊಬ್ಬ ಆ ರೋಗದಿಂದ ತೀರಿಕೊಂಡಾಗ ಸಂಶಯ ರಂಬುಟಾನಿನತ್ತಲೇ ಹೋಗಿತ್ತು. ನಿಪಾದ ವೈರಾಣು ಹಣ್ಣು ತಿನ್ನುವ ಬಾವಲಿಗಳಲ್ಲಿ ಇರುತ್ತದೆ. ಬಾವಲಿಯ ಜೊಲ್ಲು ಅಥವಾ ಮೂತ್ರ ತಾಗಿದ ಹಣ್ಣಿನಿಂದ ಮನುಷ್ಯರಿಗೆ ಬರಬಹುದು ಎಂಬ ಕಾರಣಕ್ಕೆ ಕಚ್ಚಿದ ಗುರುತಿರುವ ಹಣ್ಣನ್ನು ತಿನ್ನಬಾರದು, ನೆಲಕ್ಕೆ ಬಿದ್ದದ್ದನ್ನು ಹೆಕ್ಕಬಾರದು, ಉಳಿದದ್ದನ್ನು ಚೆನ್ನಾಗಿ ತೊಳೆದು ಸಿಪ್ಪೆ ತೆಗೆದು ತಿನ್ನಬೇಕು ಎಂದು ಆರೋಗ್ಯ ಇಲಾಖೆ ಹೇಳುತ್ತಲೇ ಇದೆ. ಈ ತೋಟದಲ್ಲಿ ಆ ಶಿಸ್ತನ್ನು ನಾನು ಕಣ್ಣಾರೆ ಕಂಡೆ. ಬಲೆಯ ಒಂದು ಮೂಲೆ ಗಾಳಿಗೆ ಸರಿದಿದ್ದ ಮರವೊಂದಕ್ಕೆ ಹಗ್ಗ ಕಟ್ಟಿ, ಅದರ ಹಣ್ಣನ್ನು ಆ ದಿನ ಯಾರಿಗೂ ಕೊಯ್ಯಲು ಬಿಡಲಿಲ್ಲ. ಅದರಲ್ಲಿ ನೋಡಲು ಬಹಳ ಚೆಂದದ ಗೊಂಚಲುಗಳಿದ್ದವು. ಬುಡದಲ್ಲಿ ಬಿದ್ದ ಹಣ್ಣುಗಳನ್ನು ಕೆಲಸದವರೊಬ್ಬರು ಕೈಗವಸು ಹಾಕಿ ಹೆಕ್ಕಿ ಗುಂಡಿಗೆ ಹಾಕುತ್ತಿದ್ದರು. ಪ್ರತಿ ಸಾಲಿನ ಕೊನೆಯಲ್ಲಿ ನೀರಿನ ನಳ್ಳಿಯಿದೆ, ಸಾಬೂನಿದೆ. ತಿನ್ನುವ ಮೊದಲು ಹಣ್ಣು ಮತ್ತು ಕೈ ಎರಡನ್ನೂ ತೊಳೆಯಿರಿ ಎಂದು ಹೇಳುವ ಧ್ವನಿ ಗದರಿಕೆಯಂತಿರಲಿಲ್ಲ, ಆದರೆ ಸಡಿಲವೂ ಆಗಿರಲಿಲ್ಲ. ಮಕ್ಕಳನ್ನು ಕರೆತಂದ ತಾಯಿಯಾಗಿ ನಾನು ಈ ತೋಟಕ್ಕೆ ಹೆಚ್ಚಿನ ಅಂಕ ಕೊಡುವುದು ಇಲ್ಲಿಯೇ.

ಮ್ಯಾಂಗೋಸ್ಟೀನ್ ಇರುವುದು ಕೆಳಗಿನ ತಟ್ಟಿನಲ್ಲಿ, ಅಡಿಕೆ ತೋಟದ ಅಂಚಿನ ನೆರಳಿನಲ್ಲಿ. ಹನ್ನೊಂದು ಮರಗಳು, ಅವುಗಳಲ್ಲಿ ಫಲ ಕೊಡುವುದು ಏಳು. ನೆಟ್ಟು ಏಳೆಂಟು ವರ್ಷ ಕಾಯದೆ ಮೊದಲ ಹಣ್ಣು ಕಾಣದ ಮರವಿದು; ಆದುದರಿಂದ ಇಲ್ಲಿ ಕೊಯ್ಯುವುದಕ್ಕೆ ಮಿತಿಯಿದೆ, ಒಂದು ಕುಟುಂಬಕ್ಕೆ ಎರಡು ಕಿಲೋಗಿಂತ ಹೆಚ್ಚು ಕೊಡುವುದಿಲ್ಲ. ಎತ್ತರದ ಹಣ್ಣಿಗೆ ದೋಟಿಯ ತುದಿಯಲ್ಲಿ ಬಟ್ಟೆಯ ಚೀಲ ಕಟ್ಟಿದ್ದಾರೆ. ಈ ಹಣ್ಣು ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಮ್ಮೆ ನೆಲಕ್ಕೆ ಬಿದ್ದರೆ ಬಿದ್ದ ಜಾಗದಲ್ಲಿ ಸಿಪ್ಪೆ ಕಲ್ಲಿನಂತೆ ಬಿಗಿದು, ಬಿಡಿಸಲಾರದಂತಾಗುತ್ತದೆ. ಆದುದರಿಂದ ಚೀಲ ಬೇಕು, ತಾಳ್ಮೆ ಬೇಕು. ನನ್ನ ತಮ್ಮ ಮೊದಲ ಮೂರು ಹಣ್ಣುಗಳನ್ನು ಬೀಳಿಸಿಬಿಟ್ಟ. ಯಜಮಾನರ ಮನೆಯಾಕೆ ಬಂದು, ದೋಟಿಯನ್ನು ಹಣ್ಣಿನ ಕೆಳಗಿನಿಂದ ತಂದು, ಚೀಲದ ಬಾಯಿ ಹಣ್ಣನ್ನು ಪೂರ್ತಿ ನುಂಗಿದ ಮೇಲೆ ಮಾತ್ರ ತಿರುಚಬೇಕು ಎಂದು ಹೇಳಿಕೊಟ್ಟರು. ಹೇಳಿದಂತೆ ಮಾಡಿದಾಗ ತೊಟ್ಟು ಕಡಿದ ಸಣ್ಣ ಸದ್ದು ಕೇಳಿಸಿತು, ಚೀಲ ಭಾರವಾಯಿತು.

ಬಿಡಿಸುವ ಕ್ರಮವನ್ನು ಹೇಳದೆ ಇರಲಾರೆ, ಏಕೆಂದರೆ ನಮ್ಮಲ್ಲಿ ಬಹಳ ಮಂದಿ ಇದನ್ನು ಕತ್ತಿಯಿಂದ ಕೊಯ್ದು ಒಳಗಿನ ತಿರುಳನ್ನು ಕಲೆ ಮಾಡುತ್ತಾರೆ. ಹಣ್ಣನ್ನು ಎರಡು ಅಂಗೈಗಳ ನಡುವೆ ಹಿಡಿದು, ಬೆರಳುಗಳನ್ನು ಹೆಣೆದು ಮೆಲ್ಲನೆ ಒತ್ತಿದರೆ ನೇರಳೆ ಬಣ್ಣದ ದಪ್ಪ ಸಿಪ್ಪೆ ಸುತ್ತಲೂ ಬಿರಿಯುತ್ತದೆ. ಮೇಲಿನ ಅರ್ಧವನ್ನು ಟೋಪಿಯಂತೆ ತೆಗೆದರೆ ಒಳಗೆ ಬೆಳ್ಳಗಿನ ತೊಳೆಗಳು ಬಟ್ಟಲಲ್ಲಿಟ್ಟಂತೆ ಕುಳಿತಿರುತ್ತವೆ. ಹಣ್ಣಿನ ಕೆಳತುದಿಯಲ್ಲಿ ಸಣ್ಣ ಹೂವನ್ನು ಒತ್ತಿದಂತೆ ಒಂದು ಗುರುತಿದೆ. ಅದರಲ್ಲಿ ಎಷ್ಟು ಎಸಳುಗಳಿವೆಯೋ ಒಳಗೆ ಅಷ್ಟೇ ತೊಳೆಗಳು ಇರುತ್ತವೆ. ಇದನ್ನು ಕೇಳಿದ ಮೇಲೆ ನನ್ನ ಮಗಳು ಒಂದನ್ನೂ ಎಣಿಸದೆ ಬಿಡಿಸಲು ಬಿಡಲಿಲ್ಲ: ಆರು ಎಂದರೆ ಆರು, ಐದು ಎಂದರೆ ಐದು, ಏಳು ಬಂದಾಗ ಅಜ್ಜಿಯನ್ನು ಕೂಗಿ ಕರೆದಳು. ಎಸಳು ಹೆಚ್ಚಿರುವ ಹಣ್ಣಿನಲ್ಲಿ ತೊಳೆಗಳು ಸಣ್ಣವಾಗಿ, ಬೀಜವಿಲ್ಲದವೇ ಹೆಚ್ಚು ಇರುವುದನ್ನೂ ಅವಳೇ ಗಮನಿಸಿದಳು. ಸಿಪ್ಪೆಯ ಮೇಲೆ ಅಥವಾ ಒಳಗೆ ಹಳದಿ ಅಂಟು ಕಂಡರೆ ಆ ಭಾಗ ಕಹಿ, ಅದನ್ನು ಬಿಡಬೇಕು. ಸಿಪ್ಪೆಯ ರಸ ಬಟ್ಟೆಗೆ ತಾಗಿದರೆ ಗೇರುಹಣ್ಣಿನ ಕಲೆಯಂತೆ ಹೋಗುವುದೇ ಇಲ್ಲ. ಬಿಳಿ ಅಂಗಿಯಲ್ಲಿ ಹೋಗಬೇಡಿರಿ.

ರುಚಿಯನ್ನು ಬಣ್ಣಿಸುವುದು ಕಷ್ಟ. ಅತ್ತೆ ಮೊದಲ ತೊಳೆಯನ್ನು ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದರಲ್ಲಿ ನಮ್ಮ ಪುನರ್ಪುಳಿಯ ಬೀಜದ ಮೇಲಿನ ಸೀ ಉಂಟಲ್ಲ" ಎಂದರು. ಅವರು ಹೇಳಿದ್ದು ಸರಿ. ಮ್ಯಾಂಗೋಸ್ಟೀನ್, ಪುನರ್ಪುಳಿ, ಮಲಯಾಳಿಗಳು ಮೀನಿನ ಸಾರಿಗೆ ಹಾಕುವ ಕೊಡಂಪುಳಿ, ಇವೆಲ್ಲ ಒಂದೇ ಗಾರ್ಸಿನಿಯಾ ಎಂಬ ಕುಲದ ಮರಗಳು. ಶಾಲೆಯಲ್ಲಿ ಸಸ್ಯಶಾಸ್ತ್ರ ಓದದ ನಾಲಿಗೆ ಆ ನಂಟನ್ನು ಒಂದೇ ತೊಳೆಯಲ್ಲಿ ಗುರುತಿಸಿತು.

ಪೆರ್ಲ, ಎಣ್ಮಕಜೆ ಎಂಬ ಹೆಸರುಗಳನ್ನು ಕೇಳಿದಾಗ ಹೊರಗಿನವರಿಗೆ ಮೊದಲು ನೆನಪಾಗುವುದು ಎಂಡೋಸಲ್ಫಾನ್ ಎಂಬ ಕೀಟನಾಶಕ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ವಿಷವನ್ನು ಸುರಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದಕ್ಕೆ ತಡೆಯಾಜ್ಞೆ ಕೊಡುವ ಹೊತ್ತಿಗೆ ಇಲ್ಲಿನ ಎಷ್ಟೋ ಮನೆಗಳು ನೊಂದು ಬೆಂದಿದ್ದವು. ಈ ನೆಲದಲ್ಲಿ ಬೆಳೆದ ಯಾರಾದರೂ ಹಣ್ಣಿನ ತೋಟಕ್ಕೆ ಹೋದರೆ "ಏನು ಸಿಂಪಡಿಸುತ್ತೀರಿ" ಎಂದು ಕೇಳಲೇಬೇಕು, ಕೇಳಿದರೆ ತೋಟದವರು ಬೇಸರಿಸಬಾರದು. ಇವರು ಬೇಸರಿಸಲಿಲ್ಲ. ಹಣ್ಣಿನ ಮರಗಳಿಗೆ ಹಟ್ಟಿಗೊಬ್ಬರ, ಸುಡುಮಣ್ಣು, ಕಹಿಬೇವಿನ ಹಿಂಡಿ ಹಾಕುತ್ತೇವೆ, ಕಾಯಿ ಕಚ್ಚಿದ ಮೇಲೆ ಯಾವ ಮದ್ದನ್ನೂ ಹೊಡೆಯುವುದಿಲ್ಲ ಎಂದರು. ಪಕ್ಕದ ಅಡಿಕೆಗೆ ಕೊಳೆರೋಗಕ್ಕೆಂದು ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತೀರಲ್ಲ, ಅದು ಮ್ಯಾಂಗೋಸ್ಟೀನಿನ ಮೇಲೆ ಬೀಳುವುದಿಲ್ಲವೇ ಎಂದು ನನ್ನ ಯಜಮಾನರು ಕೇಳಿದರು. ಅಂಚಿನ ಎರಡು ಸಾಲು ಅಡಿಕೆಗೆ ಹೊಡೆಯುವಾಗ ಹಣ್ಣಿನ ಮರಗಳಿಗೆ ಟರ್ಪಾಲು ಹಾಕುತ್ತೇವೆ, ಆದರೂ ಗಾಳಿಗೆ ಹನಿ ತಾಗುವುದುಂಟು, ಅದಕ್ಕೇ ತೊಳೆಯದೆ ತಿನ್ನಬೇಡಿರಿ ಎನ್ನುವುದು ಎಂದು ಮುಚ್ಚಿಡದೆ ಹೇಳಿದರು. "ಪೂರ್ತಿ ಸಾವಯವ" ಎಂದು ಫಲಕ ಹಾಕಿ ಮಾತು ಮುಗಿಸುವವರಿಗಿಂತ ಈ ಉತ್ತರ ನನಗೆ ಹೆಚ್ಚು ನಂಬಿಕೆ ಕೊಟ್ಟಿತು.

ತೋಟದ ನೀರು ಸುರಂಗದ್ದು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಳಗೆ ಜಿನುಗುವ ಒರತೆಯನ್ನು ಹೊರಗಿನ ಕೆರೆಗೆ ಹರಿಸುವ ಈ ಏರ್ಪಾಡು ನಮ್ಮ ಜಿಲ್ಲೆಯ ಹಳೆಯ ತೋಟಗಳಿಗೆ ಜೀವಾಳ. ಪಂಪು ಬೇಡ, ವಿದ್ಯುತ್ತು ಬೇಡ. ನೀರು ತನ್ನಷ್ಟಕ್ಕೆ ಇಳಿಜಾರಿನಲ್ಲಿ ಹರಿದು ಬರುತ್ತದೆ. ಇಲ್ಲಿ ಸುರಂಗದ ಬಾಯಿಯಿಂದ ಕೆರೆಯವರೆಗೆ ಇಂದಿಗೂ ಅಡಿಕೆ ಮರದ ದಂಬೆ ಹಾಕಿದ್ದಾರೆ. ಮಕ್ಕಳನ್ನು ಸುರಂಗದ ಬಾಯಿಯವರೆಗೆ ಮಾತ್ರ ಕರೆದುಕೊಂಡು ಹೋಗಿ ಟಾರ್ಚು ಹಾಕಿ ತೋರಿಸಿದರು. ಮಳೆಗಾಲದಲ್ಲಿ ಒಳಗೆ ಬಿಡುವುದಿಲ್ಲ ಎಂಬ ನಿಯಮ ಸರಿಯಾದದ್ದೇ. ಕೆರೆಯ ಸುತ್ತ ಮಾತ್ರ ಬೇಲಿಯಿಲ್ಲ. ಸಣ್ಣ ಮಕ್ಕಳು ಓಡಾಡುವ ಜಾಗದಲ್ಲಿ ತುಂಬಿದ ಕೆರೆಗೆ ಬೇಲಿಯಿಲ್ಲದಿರುವುದು ದೊಡ್ಡ ಕೊರತೆ. ಹಣ್ಣು ಕೊಯ್ಯುವ ಸಂಭ್ರಮದಲ್ಲಿ ಹಿರಿಯರ ಕಣ್ಣು ಒಂದು ಗಳಿಗೆ ತಪ್ಪಿದರೂ ಸಾಕು. ಇದನ್ನು ಅವರಿಗೆ ಹೇಳಿದ್ದೇನೆ, ಇಲ್ಲಿಯೂ ಬರೆಯುತ್ತಿದ್ದೇನೆ.

ಹಿರಿಯರನ್ನು ಕರೆತರುವವರು ತಿಳಿದಿರಬೇಕಾದ ಇನ್ನೊಂದು ವಿಷಯ ಇಳಿಜಾರು. ಮೇಲಿನ ರಂಬುಟಾನ್ ತಟ್ಟು ಸಮತಟ್ಟಾಗಿದೆ, ಅತ್ತೆ ಕುರ್ಚಿ ಹಾಕಿ ಕುಳಿತು ಕೈಗೆಟುಕಿದ ಗೊಂಚಲನ್ನು ತಾವೇ ಕೊಯ್ದರು. ಆದರೆ ಮ್ಯಾಂಗೋಸ್ಟೀನಿನ ತಟ್ಟಿಗೆ ಇಳಿಯುವ ಮುರಕಲ್ಲಿನ ಮೆಟ್ಟಿಲುಗಳಲ್ಲಿ ಪಾಚಿ ಕಟ್ಟಿತ್ತು, ಹಿಡಿದುಕೊಳ್ಳಲು ಒಂದು ಬಿದಿರಿನ ಗಳುವೂ ಇರಲಿಲ್ಲ. ನಾವಿಬ್ಬರು ಎರಡು ಕಡೆಯಿಂದ ಹಿಡಿದುಕೊಂಡು ಅವರನ್ನು ಇಳಿಸಿದೆವು. ಶೌಚಾಲಯ ಮನೆಯ ಹಿಂದೆ ಇದೆ, ಶುಚಿಯಾಗಿದೆ. ಆದರೆ ಕೆಳಗಿನ ತಟ್ಟಿನಿಂದ ಅಲ್ಲಿಗೆ ಮತ್ತೆ ಅದೇ ಮೆಟ್ಟಿಲುಗಳನ್ನು ಹತ್ತಬೇಕು.

ಮಧ್ಯಾಹ್ನದ ಊಟವನ್ನು ಮೊದಲೇ ಹೇಳಿಡಬೇಕು. ಜಗಲಿಯಲ್ಲಿ ಚಾಪೆ ಹಾಕಿ ಬಾಳೆ ಎಲೆಯಲ್ಲಿ ಬಡಿಸಿದ ಆ ಊಟಕ್ಕೆ ನಾನು ಬೇರೆ ಯಾವ ಹೋಟೆಲಿನ ಊಟವನ್ನೂ ಹೋಲಿಸಲಾರೆ. ಕುಚ್ಚಲಕ್ಕಿ ಅನ್ನ, ಪುನರ್ಪುಳಿ ಸಾರು, ಹಲಸಿನ ಬೀಜ ಹಾಕಿದ ಸೌತೆಕಾಯಿ ಹುಳಿ, ಉಪ್ಪುಸೊಳೆಯ ಪಲ್ಯ, ಮಾವಿನ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಆಟಿಗೆಂದೇ ಮಾಡಿದ ಪತ್ರೊಡೆ. ಬೇಸಗೆಯಲ್ಲಿ ಬಲಿತ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟು ಮಳೆಗಾಲಕ್ಕೆ ತೆಗೆಯುವ ಉಪ್ಪುಸೊಳೆ ಈಗ ನಮ್ಮ ಮನೆಗಳಲ್ಲೇ ಅಪರೂಪವಾಗುತ್ತಿದೆ. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಆದರೆ ಆ ಹಣ್ಣಿಗೆ ಊಟದೆಲೆಯಲ್ಲಿ ಜಾಗ ಉಳಿಸಿದವರು ಇಂಥ ಮನೆಯ ಅಡುಗೆಯವರೇ. ಉಪ್ಪು ಸರಿಯಾಗಿ ಬಿಡಿಸಿ, ತೆಂಗಿನಕಾಯಿ ಮತ್ತು ಸಾಸಿವೆಯ ಒಗ್ಗರಣೆ ಹಾಕಿ ಮಾಡಿದ ಆ ಪಲ್ಯವನ್ನು ಅತ್ತೆ ಎರಡು ಸಲ ಬಡಿಸಿಕೊಂಡರು. ಮಕ್ಕಳಿಗೆ ಪತ್ರೊಡೆ ಸ್ವಲ್ಪ ಖಾರವಾಯಿತು ಎಂಬುದನ್ನು ಬಿಟ್ಟರೆ ಆ ಊಟದಲ್ಲಿ ಕೊರತೆ ಹೇಳಲು ನನಗೆ ಏನೂ ಸಿಗಲಿಲ್ಲ.

ಮನಸ್ಸಿಗೆ ನಿಜವಾಗಿ ನೋವಾದದ್ದು ಫಲಕಗಳನ್ನು ನೋಡಿ. ಪ್ರತಿ ಮರಕ್ಕೂ ಅಚ್ಚುಕಟ್ಟಾದ ಫಲಕ ತೂಗುಹಾಕಿದ್ದಾರೆ, ಎಲ್ಲವೂ ಮಲಯಾಳದಲ್ಲಿ ಮತ್ತು ಇಂಗ್ಲಿಷಿನಲ್ಲಿ. ಮನೆಯವರು ಆಡುವುದು ಕನ್ನಡ ಮತ್ತು ತುಳು, ಕೆಲಸದವರು ಆಡುವುದು ತುಳು, ಆ ದಿನ ಬಂದಿದ್ದ ನಾಲ್ಕು ಕುಟುಂಬಗಳಲ್ಲಿ ಮೂರು ಕನ್ನಡದವು. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಶಾಲೆಗಳು ನಡೆದಿವೆ. ನನ್ನ ಅತ್ತೆ ಓದಿದ್ದು, ನನ್ನ ಮಗಳು ಓದುತ್ತಿರುವುದು ಅಂಥ ಶಾಲೆಗಳಲ್ಲೇ. ಅತ್ತೆ ಒಂದು ಮರದ ಬುಡದಲ್ಲಿ ನಿಂತು ಫಲಕವನ್ನು ನೋಡಿ, ಇದು ಯಾವ ಮರ ಎಂದು ಬರೆದಿದ್ದಾರೆ ಎಂದು ಮೊಮ್ಮಗಳನ್ನು ಕೇಳಿದರು. ಅದು ಜೀಗುಜ್ಜೆ. ಅವರು ಹುಟ್ಟಿದ ಮನೆಯ ಹಿತ್ತಿಲಲ್ಲಿದ್ದ ಮರ, ಎಲೆ ನೋಡಿದರೆ ಅವರಿಗೆ ಗೊತ್ತು. ಆದರೆ ಬರೆದ ಹೆಸರು ಅವರದಾಗಿರಲಿಲ್ಲ. ಇದನ್ನು ನಾನು ಯಜಮಾನರ ಗಮನಕ್ಕೆ ತಂದಾಗ ಅವರು ತಪ್ಪೊಪ್ಪಿಕೊಂಡಂತೆ ತಲೆಯಾಡಿಸಿ, ಫಲಕ ಬರೆದವ ಪೇಟೆಯವ, ಅವನಿಗೆ ಕನ್ನಡ ಬಾರದು, ನಾವೂ ಅಷ್ಟಕ್ಕೇ ಬಿಟ್ಟೆವು ಎಂದರು. ಊಟದ ನಂತರ ಅತ್ತೆ ಒಂದೊಂದಾಗಿ ಹೇಳಿದರು, ಮಗಳು ತನ್ನ ಬಣ್ಣದ ಪೆನ್ನಿನಿಂದ ಹಾಳೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಳು: ಜೀಗುಜ್ಜೆ, ಪೇರಳೆ, ಬಿಂಬುಳಿ, ದಾರೆಪುಳಿ, ಜಂಬುನೇರಳೆ, ಪುನರ್ಪುಳಿ. ಯಜಮಾನರು ಆ ಹಾಳೆಯನ್ನು ಮಡಚದೆ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟರು.

ಇನ್ನು ಲೆಕ್ಕದ ಮಾತು. ಪ್ರವೇಶ ದೊಡ್ಡವರಿಗೆ 100 ರೂಪಾಯಿ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 50. ಕೊಯ್ಯುತ್ತಾ ತಿಂದದ್ದಕ್ಕೆ ಬೇರೆ ಹಣವಿಲ್ಲ. ಊಟಕ್ಕೆ ದೊಡ್ಡವರಿಗೆ 150, ಮಕ್ಕಳಿಗೆ 100. ಮನೆಗೆ ಒಯ್ಯುವ ರಂಬುಟಾನಿಗೆ ಕಿಲೋಗೆ 220, ಮ್ಯಾಂಗೋಸ್ಟೀನಿಗೆ 400. ನಾವು 4 ಕಿಲೋ ರಂಬುಟಾನನ್ನೂ ಒಂದೂವರೆ ಕಿಲೋ ಮ್ಯಾಂಗೋಸ್ಟೀನನ್ನೂ ಒಯ್ದೆವು, ಎಲ್ಲ ಸೇರಿ 2,780 ರೂಪಾಯಿಯಾಯಿತು. ತೂಕದ ಹೊತ್ತಿಗೆ ಒಂದು ಸಣ್ಣ ತಕರಾರು ಬಂತು: ತೂಗಲು ನಿಂತಿದ್ದ ಹುಡುಗ ಗೊಂಚಲುಗಳನ್ನು ದಂಟು, ಎಲೆ ಸಮೇತ ತಕ್ಕಡಿಗೆ ಹಾಕಿ 4 ಕಿಲೋ 400 ಗ್ರಾಂ ಎಂದ. ದಂಟನ್ನು ತೆಗೆದು ತೂಗಿರಿ ಎಂದು ನನ್ನ ಯಜಮಾನರು ಹೇಳಿದ ಮೇಲೆ ಅದು ಸರಿಯಾಗಿ 4 ಕಿಲೋಗೆ ಇಳಿಯಿತು. 88 ರೂಪಾಯಿಯ ವ್ಯತ್ಯಾಸ. ಮನೆಯಾಕೆ ಕೂಡಲೇ ಬಂದು, ಹಾಗೆ ತೂಗಬಾರದು ಎಂದು ಆ ಹುಡುಗನಿಗೆ ನಮ್ಮೆದುರೇ ಹೇಳಿದರು. ಕೇಳಿದವರಿಗೆ ಮಾತ್ರ ಸರಿಯಾದ ತೂಕ ಎಂದಾಗಬಾರದು. ದಂಟು ಕಳೆದೇ ತೂಗುವುದು ಎಂದು ಬಾಗಿಲಲ್ಲೇ ಬರೆದು ಹಾಕಿದರೆ ಚೆನ್ನು. ಪೇಟೆಯಲ್ಲಿ ರಂಬುಟಾನ್ ಇದಕ್ಕಿಂತ ಕಡಿಮೆ ದರಕ್ಕೂ ಸಿಗುತ್ತದೆ ಎನ್ನುವವರಿದ್ದಾರೆ. ಸಿಗಬಹುದು. ಆದರೆ ಮರದಲ್ಲೇ ಪೂರ್ತಿ ಬಲಿತ, ಬಾವಲಿ ಮುಟ್ಟದ, ನಮ್ಮ ಕೈಯಿಂದಲೇ ಕೊಯ್ದ ಹಣ್ಣಿಗೆ ಈ ಬೆಲೆ ಹೆಚ್ಚೆಂದು ನನಗೆ ಅನಿಸಲಿಲ್ಲ.

ಮನೆಗೆ ತಂದ ಹಣ್ಣಿನ ವಿಷಯವನ್ನೂ ಹೇಳಬೇಕು. ಮರುದಿನ ಸಂಜೆಯ ಹೊತ್ತಿಗೆ ರಂಬುಟಾನಿನ ಕೂದಲಿನ ತುದಿ ಕಂದತೊಡಗಿತು, ಮೂರನೆಯ ದಿನಕ್ಕೆ ಹೊರಗೆ ಇಟ್ಟಿದ್ದವು ಕಪ್ಪಾದವು. ಆ ಕೂದಲುಗಳ ಮೂಲಕವೇ ಹಣ್ಣು ನೀರನ್ನು ಕಳೆದುಕೊಳ್ಳುವುದರಿಂದ ಹೀಗಾಗುತ್ತದೆ. ಒಳಗಿನ ತಿರುಳು ಆಗಲೂ ಚೆನ್ನಾಗಿಯೇ ಇತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟ ಪಾಲು ಆರು ದಿನ ಬಾಳಿತು. ಮ್ಯಾಂಗೋಸ್ಟೀನಿನ ಹದಿನೇಳು ಹಣ್ಣುಗಳಲ್ಲಿ ಒಂದೂ ಕಲ್ಲಾಗಿರಲಿಲ್ಲ. ನೆರೆಮನೆಯವರಿಗೆ ನಾಲ್ಕನ್ನು ಕೊಟ್ಟಾಗ ಮಗಳು ಜೊತೆಗೆ ಹೋಗಿ, ಕೆಳಗಿನ ಎಸಳು ಎಣಿಸಿದ ಮೇಲೆಯೇ ಬಿಡಿಸಲು ಬಿಟ್ಟಳಂತೆ.

ಮೊನ್ನೆ ಮತ್ತೆ ದೂರವಾಣಿಯಲ್ಲಿ ಕೇಳಿದೆ. ಮ್ಯಾಂಗೋಸ್ಟೀನ್ ಮುಗಿದಿದೆ, ಕೆಂಪು ರಂಬುಟಾನ್ ಕೊನೆಯ ಹಂತದಲ್ಲಿದೆ, ಹಳದಿಯ ಎರಡು ಮರಗಳು ಮಾತ್ರ ಇನ್ನೊಂದು ಹತ್ತು ದಿನ ಇರುತ್ತವೆ, ಕೆರೆಯ ಸುತ್ತ ಬಿದಿರಿನ ಬೇಲಿಗೆ ಗೂಟ ಹಾಕಿ ಆಗಿದೆ ಎಂದು ಮನೆಯಾಕೆ ಹೇಳಿದರು. ಫಲಕದ ಬಗ್ಗೆ ನಾನು ಕೇಳುವ ಮೊದಲೇ, "ನಿಮ್ಮ ಮಗಳು ಬರೆದುಕೊಟ್ಟದ್ದು ಪೈಂಟಿನವನ ಹತ್ತಿರ ಉಂಟು ಅಕ್ಕಾ, ಮಳೆ ಬಿಡಲಿ" ಎಂದರು.